ಸೆನ್ಸರಿ ರೂಮ್: ಮಕ್ಕಳ ಸಿಟ್ಟಿಗೆ ಬಣ್ಣದ ದೀಪವೇ ಮದ್ದು?

ಅರೆಗತ್ತಲೆಯ ಕೋಣೆ. ಗಾಜಿನ ಕೊಳವೆಯಲ್ಲಿ ಮೇಲೇಳುವ ಬಣ್ಣದ ಗುಳ್ಳೆಗಳು, ಗೋಡೆಯ ಮೇಲೆ ತೇಲುವ ನಕ್ಷತ್ರಗಳು, ಮೆತ್ತನೆಯ ದಿಂಬಿನ ಮೇಲೆ ಒರಗಿದ ಒಂದು ಮಗು. ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಇವುಗಳ ಜೊತೆ ಸಾಮಾನ್ಯವಾಗಿ ಎರಡು ಬಗೆಯ ಮಾತು ಇರುತ್ತದೆ. ಒಂದು, "ಈ ಕೋಣೆಯಲ್ಲಿ ಕೂರಿಸಿದರೆ ಆಟಿಸಂ, ಸಿಟ್ಟು, ಹಠ ಎಲ್ಲ ವಾಸಿಯಾಗುತ್ತದೆ" ಎಂಬುದು. ಇನ್ನೊಂದು, "ನಮ್ಮ ಕಾಲದಲ್ಲಿ ಎರಡು ಏಟು ಬಿದ್ದರೆ ಸಾಕಿತ್ತು, ಇದೆಲ್ಲ ಅತಿ ಮುದ್ದು" ಎಂಬುದು.

ಎರಡೂ ಸರಿಯಲ್ಲ. ಚುಟುಕಾಗಿ ಹೇಳುವುದಾದರೆ, ಶಾಲೆಯಲ್ಲಿ ಮಗು ಸ್ವಲ್ಪ ಹೊತ್ತು ಶಾಂತವಾಗಿ ಕೂರಲು ಒಂದು ಜಾಗ ಇರುವುದು ಒಳ್ಳೆಯದು. ಆದರೆ ಅದು ಚಿಕಿತ್ಸೆ ಅಲ್ಲ, ಅದಕ್ಕೆ ದುಬಾರಿ ಸಾಮಾನೂ ಬೇಕಿಲ್ಲ. ಒಳಗೆ ಹೋಗುವುದು, ಹೊರಗೆ ಬರುವುದು ಮಗುವಿನ ಕೈಯಲ್ಲಿದ್ದರೆ ಅದು ಸಹಾಯ. ಬಲವಂತವಾಗಿ ಕೂರಿಸಿದರೆ ಅದೇ ಕೋಣೆ ಶಿಕ್ಷೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಾಲೆಗಳು ಮತ್ತು ಪಾಲಕರು ಇದನ್ನು ಹೇಗೆ ನೋಡಬೇಕು ಎಂದು ಇಲ್ಲಿ ವಿವರಿಸುತ್ತೇವೆ.

ಈ ಕೋಣೆ ಎಲ್ಲಿಂದ ಬಂತು?

1970ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಯಾನ್ ಹುಲ್ಸೆಗೆ ಮತ್ತು ಆಡ್ ವೆರ್‌ಹ್ಯೂಲ್ ಎಂಬ ಇಬ್ಬರು ಇಂಥ ಕೋಣೆಗಳನ್ನು ರೂಪಿಸಿದರು. ಅದಕ್ಕೆ 'ಸ್ನೂಜೆಲೆನ್' ಎಂದು ಹೆಸರಿಟ್ಟರು. ಮೂಸಿ ನೋಡುವುದು ಮತ್ತು ತೂಕಡಿಸುವುದು ಎಂಬ ಅರ್ಥದ ಎರಡು ಡಚ್ ಪದಗಳನ್ನು ಬೆಸೆದ ಹೆಸರು ಅದು. ತೀವ್ರ ಬೌದ್ಧಿಕ ಅಂಗವೈಕಲ್ಯ ಇದ್ದವರಿಗೆ ಒಂದಿಷ್ಟು ಹೊತ್ತು ಹಿತವಾಗಲಿ ಎಂಬುದು ಅವರ ಉದ್ದೇಶವಾಗಿತ್ತು. ಶಾಲಾ ಮಕ್ಕಳ ಸಿಟ್ಟು ಇಳಿಸುವ ಯೋಚನೆ ಆಗ ಇರಲಿಲ್ಲ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್, ಮೆದುಳು ಬೇರೆ ಬೇರೆ ಇಂದ್ರಿಯಗಳ ಸುದ್ದಿಯನ್ನು ಹೇಗೆ ಒಟ್ಟುಗೂಡಿಸುತ್ತದೆ ಎಂಬ ಬಗ್ಗೆ 1972ರಲ್ಲಿ ಒಂದು ಪುಸ್ತಕ ಬರೆದರು. ಈ ಎರಡು ಎಳೆಗಳು ಸೇರಿ ಇಂದಿನ ಸೆನ್ಸರಿ ರೂಮ್ ಆಗಿದೆ. ಈಗ ಇದು ಶಾಲೆಗಳಾಚೆಗೂ ಹೋಗಿದೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ 2ನೇ ಟರ್ಮಿನಲ್‌ನಲ್ಲೂ 2025ರಲ್ಲಿ ಇಂಥದೊಂದು ಕೋಣೆ ಶುರುವಾಯಿತು.

ಮಗುವಿನ ಒಳಗೆ ಏನು ನಡೆಯುತ್ತದೆ?

ನಮಗೆ ಐದು ಇಂದ್ರಿಯ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದರ ಜೊತೆ ಇನ್ನೂ ಮೂರು ಇವೆ. ದೇಹದ ಸಮತೋಲನ ಮತ್ತು ಚಲನೆ ತಿಳಿಯುವುದು ಒಂದು. ಕೈಕಾಲು ಎಲ್ಲಿವೆ, ಎಷ್ಟು ಬಲ ಬಿದ್ದಿದೆ ಎಂದು ಸ್ನಾಯು ಮತ್ತು ಕೀಲುಗಳಿಂದ ತಿಳಿಯುವುದು ಎರಡನೆಯದು. ಹಸಿವು, ಬಾಯಾರಿಕೆ, ಎದೆಬಡಿತದಂಥ ಒಳಗಿನ ಸುದ್ದಿ ತಿಳಿಯುವುದು ಮೂರನೆಯದು.

ಮೆದುಳಿಗೆ ಈ ಎಲ್ಲ ಕಡೆಯಿಂದ ಸದಾ ಸುದ್ದಿ ಬರುತ್ತಲೇ ಇರುತ್ತದೆ. ಬಹುತೇಕರ ಮೆದುಳು ಬೇಡದ್ದನ್ನು ಸೋಸಿ ಬಿಡುತ್ತದೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗದ ಸದ್ದಿನ ನಡುವೆಯೇ ಕೂಸು ನಿದ್ದೆ ಮಾಡುವುದು ಹೀಗೆ. ಕೆಲವು ಮಕ್ಕಳಲ್ಲಿ ಈ ಸೋಸುವ ಕೆಲಸ ಬೇರೆ ರೀತಿ ನಡೆಯುತ್ತದೆ. ಅವರಿಗೆ ಶಾಲೆಯ ಗಂಟೆ ಕಿವಿಗೆ ಚುಚ್ಚಿದಂತೆ ಆಗಬಹುದು. ಸಮವಸ್ತ್ರದ ಕಾಲರ್‌ ಪಟ್ಟಿ ಇಡೀ ದಿನ ಕಾಡಬಹುದು. ಬಿಸಿಯೂಟದ ಹೊತ್ತಿನಲ್ಲಿ ನೂರು ತಟ್ಟೆಗಳ ಸಪ್ಪಳ ಸಹಿಸಲು ಆಗದೇ ಹೋಗಬಹುದು. ಇನ್ನು ಕೆಲವರಿಗೆ ಇದರ ಉಲ್ಟಾ: ಸದಾ ಅಲುಗಾಡುತ್ತ, ಏನನ್ನಾದರೂ ಮುಟ್ಟುತ್ತ ಇದ್ದರೇ ಗಮನ ನಿಲ್ಲುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿ, ಇಂಥ ಅತಿ ಅಥವಾ ಕಡಿಮೆ ಸಂವೇದನೆಯನ್ನು ಆಟಿಸಂ ಗುರುತಿಸುವ ಲಕ್ಷಣಗಳಲ್ಲಿ ಒಂದಾಗಿ ಸೇರಿಸಲಾಗಿದೆ.

ತಡೆದುಕೊಳ್ಳುವ ಮಿತಿ ಮೀರಿದಾಗ ದೇಹ ಅಪಾಯ ಬಂದಂತೆ ವರ್ತಿಸುತ್ತದೆ. ಎದೆಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ. ಯೋಚಿಸಿ ನಿರ್ಧರಿಸುವ ಮೆದುಳಿನ ಮುಂಭಾಗದ ಹಿಡಿತ ಸಡಿಲುತ್ತದೆ. ಈ ಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿಗೆ. ಹಾಗಾಗಿ ಆ ಹೊತ್ತಿನಲ್ಲಿ "ಸುಮ್ಮನಿರು" ಎಂದು ಗದರಿದರೆ ಮಗುವಿಗೆ ಅದು ಇನ್ನೊಂದು ದೊಡ್ಡ ಸದ್ದು ಮಾತ್ರ.

ಹಠವೇ ಅಥವಾ ತಡೆಯಲಾಗದ ಸ್ಥಿತಿಯೇ?

ಹಠ ಮಾಡುವ ಮಗುವಿಗೆ ಏನೋ ಬೇಕಾಗಿರುತ್ತದೆ. ಅದು ನಿಮ್ಮ ಮುಖ ನೋಡುತ್ತಿರುತ್ತದೆ. ಬೇಕಾದ್ದು ಸಿಕ್ಕರೆ ಅಥವಾ ನೋಡುವವರು ಇಲ್ಲದಿದ್ದರೆ ಅಳು ಸಾಮಾನ್ಯವಾಗಿ ನಿಲ್ಲುತ್ತದೆ. ಮಿತಿ ಮೀರಿ ಕುಸಿದ ಮಗು ಹಾಗಲ್ಲ. ಅದು ಕಿವಿ ಮುಚ್ಚಿಕೊಳ್ಳಬಹುದು, ಬೆಂಚಿನ ಕೆಳಗೆ ಸೇರಿಕೊಳ್ಳಬಹುದು, ಓಡಿಹೋಗಬಹುದು, ತನ್ನನ್ನೇ ಹೊಡೆದುಕೊಳ್ಳಬಹುದು. ಯಾರು ನೋಡಿದರೂ ಬಿಟ್ಟರೂ ಅದು ನಿಲ್ಲುವುದಿಲ್ಲ, ಚಾಕಲೇಟ್ ಕೊಟ್ಟರೂ ನಿಲ್ಲುವುದಿಲ್ಲ. ಕೆಲವು ಮಕ್ಕಳು ಕಿರುಚುವ ಬದಲು ಮಾತೇ ನಿಲ್ಲಿಸಿ ಮಂಕಾಗುತ್ತಾರೆ. ಇಂಥವರನ್ನು "ಜಾಣ, ಗಲಾಟೆ ಮಾಡೋದಿಲ್ಲ" ಎಂದು ನಾವು ಗಮನಿಸದೇ ಬಿಡುತ್ತೇವೆ.

ಈ ವ್ಯತ್ಯಾಸ ತಿಳಿಯದಿದ್ದರೆ ನಷ್ಟ ಮಗುವಿನದು. ಮೊದಲು 'ಹಠಮಾರಿ' ಎಂಬ ಹೆಸರು, ಆಮೇಲೆ ಏಟು, ಆಮೇಲೆ "ಇವನನ್ನು ಮನೆಯಲ್ಲೇ ಇಟ್ಟುಕೊಳ್ಳಿ" ಎಂಬ ಮಾತು. ಓದು ನಿಲ್ಲುವುದು ಹೀಗೆ.

ಸಂಶೋಧನೆ ಏನು ಹೇಳುತ್ತದೆ?

ವಾಸಿ ಮಾಡುತ್ತದೆ ಎಂಬ ಮಾತಿಗೆ ಆಧಾರ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ. ಇಂದ್ರಿಯ ಆಧಾರಿತ ಥೆರಪಿಗಳನ್ನು ಮಗುವಿನ ಒಟ್ಟು ಚಿಕಿತ್ಸೆಯ ಒಂದು ಭಾಗವಾಗಿ ಬಳಸಬಹುದು, ಆದರೆ ಅದರ ಪರಿಣಾಮದ ಬಗ್ಗೆ ಪುರಾವೆ ಸೀಮಿತ ಎಂದು ಪಾಲಕರಿಗೆ ತಿಳಿಸಬೇಕು ಎಂದು ಅದು ಹೇಳಿತು.

ತೂಕದ ಹೊದಿಕೆಯನ್ನೇ ನೋಡಿ. ಆನ್‌ಲೈನ್‌ನಲ್ಲಿ ಇದರ ಮಾರಾಟ ಜೋರು. ಬ್ರಿಟನ್‌ನಲ್ಲಿ ಆಟಿಸಂ ಇರುವ 67 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾಮಾನ್ಯ ಹೊದಿಕೆಗೆ ಹೋಲಿಸಿದರೆ ತೂಕದ ಹೊದಿಕೆಯಿಂದ ನಿದ್ದೆಯ ಅವಧಿ ಹೆಚ್ಚಲಿಲ್ಲ. ಮಕ್ಕಳಿಗೆ ಮತ್ತು ಪಾಲಕರಿಗೆ ಅದು ಇಷ್ಟವಾಯಿತು ಎಂಬುದೂ ನಿಜ. ಇಷ್ಟವಾಗುವುದು ಬೇರೆ, ವಾಸಿ ಮಾಡುವುದು ಬೇರೆ.

ಹಾಗಾದರೆ ಉಪಯೋಗವೇ ಇಲ್ಲವೇ? ಇದೆ, ಆದರೆ ಅದರ ಗುಟ್ಟು ದೀಪದಲ್ಲಿಲ್ಲ. ಬ್ರಿಟನ್‌ನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಆಟಿಸಂ ಇರುವ 41 ಮಕ್ಕಳನ್ನು ಸೆನ್ಸರಿ ರೂಮ್‌ನಲ್ಲಿ ಗಮನಿಸಿ, 2021ರಲ್ಲಿ ವರದಿ ಪ್ರಕಟಿಸಿದರು. ಕೋಣೆ ಅದೇ, ಸಾಮಾನು ಅವೇ. ಒಂದು ಸಲ ದೀಪ ಮತ್ತು ಸದ್ದು ಬದಲಿಸುವ ನಿಯಂತ್ರಣ ಮಗುವಿನ ಕೈಯಲ್ಲಿತ್ತು, ಇನ್ನೊಂದು ಸಲ ಇರಲಿಲ್ಲ. ನಿಯಂತ್ರಣ ತಮ್ಮ ಕೈಯಲ್ಲಿದ್ದಾಗ ಮಕ್ಕಳ ಗಮನ ಹೆಚ್ಚಿತು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ವರ್ತನೆ ಕಡಿಮೆಯಾಯಿತು.

ಒಂದೇ ಕೋಣೆಯಲ್ಲಿ ಎರಡು ಫಲಿತಾಂಶ ಬಂದದ್ದು ಸ್ವಿಚ್ ಯಾರ ಕೈಯಲ್ಲಿತ್ತು ಎಂಬುದರಿಂದ. ಕೋಣೆ ಕಟ್ಟುವ ಯಾವುದೇ ಶಾಲೆ ಇದನ್ನು ನೆನಪಿಡಬೇಕು.

ಯಾವಾಗ ಅಪಾಯ?

2008ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಒಂದು ಶಾಲೆಯಲ್ಲಿ ಆಟಿಸಂ ಇದ್ದ 9 ವರ್ಷದ ಬಾಲಕ ಗಲಾಟೆ ಮಾಡಿದಾಗ, ಶಾಂತಗೊಳಿಸಲೆಂದು ಅವನನ್ನು ತೂಕದ ಹೊದಿಕೆಯಲ್ಲಿ ಸುತ್ತಿದ್ದರು. ಅವನು ಉಸಿರುಗಟ್ಟಿ ಪ್ರಜ್ಞೆ ತಪ್ಪಿದ, ಮುಂದೆ ಬದುಕಲಿಲ್ಲ. ಶಾಂತಗೊಳಿಸುವ ಸಾಧನವನ್ನು ಮಗುವನ್ನು ಹಿಡಿದಿಡಲು ಬಳಸಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಕಠೋರ ಎಚ್ಚರಿಕೆ ಬೇಕಿಲ್ಲ.

ಹಾಗಾಗಿ ಈ ನಿಯಮಗಳಲ್ಲಿ ರಾಜಿ ಬೇಡ:

- ಮಗುವನ್ನು ಯಾವುದರಲ್ಲೂ ಸುತ್ತಬಾರದು, ಕಟ್ಟಬಾರದು.
- ಬಾಗಿಲು ಹಾಕಬಾರದು, ಚಿಲಕವಂತೂ ಬೇಡವೇ ಬೇಡ.
- ದೊಡ್ಡವರೊಬ್ಬರ ಕಣ್ಣಳತೆಯಲ್ಲೇ ಮಗು ಇರಬೇಕು.
- ಮಿಣಮಿಣ ಹೊಳೆಯುವ ದೀಪ ಬೇಡ. ಬೆಳಕು ಬೇಗ ಬೇಗ ಮಿನುಗಿದರೆ ಕೆಲವರಿಗೆ ಅಪಸ್ಮಾರ ಬರುತ್ತದೆ.
- "ಹೋಗಿ ಆ ಮೂಲೆಯಲ್ಲಿ ಕೂರು" ಎಂದು ಶಿಕ್ಷೆಯಾಗಿ ಕಳಿಸಬಾರದು.

ಕೊನೆಯದಕ್ಕೆ ಕಾನೂನಿನ ಬಲವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಮತ್ತು ಕಲಿಕಾ ನ್ಯೂನತೆ ಕೂಡ ಇವೆ. ಅಂಥ ಮಕ್ಕಳನ್ನು ಬೇರೆ ಮಕ್ಕಳ ಜೊತೆ ಸೇರಿಸಿ, ಅವರಿಗೆ ಬೇಕಾದ ಅನುಕೂಲ ಮಾಡಿಕೊಟ್ಟು ಕಲಿಸಬೇಕು ಎನ್ನುತ್ತದೆ ಅದರ 16ನೇ ಸೆಕ್ಷನ್. ಅಂದರೆ ಇದು ಶಾಲೆ ಮಾಡುವ ಉಪಕಾರ ಅಲ್ಲ, ಮಗುವಿನ ಹಕ್ಕು.

ನಮ್ಮ ಊರಿನ ಶಾಲೆಯಲ್ಲಿ ಏನು ಮಾಡಬಹುದು?

ಮೊದಲ ಕೆಲಸ ಕೋಣೆ ಕಟ್ಟುವುದಲ್ಲ, ಗದ್ದಲ ತಗ್ಗಿಸುವುದು. ಯಾವ ಮಗು ಯಾವ ಹೊತ್ತಿನಲ್ಲಿ, ಎಲ್ಲಿ ಕಂಗೆಡುತ್ತದೆ ಎಂದು ಎರಡು ವಾರ ಬರೆದಿಡಿ. ಬಿಸಿಯೂಟದ ಹೊತ್ತೇ, ಗಂಟೆಯ ಪಕ್ಕದ ಜಾಗವೇ, ಮಧ್ಯಾಹ್ನ ತಗಡಿನ ಚಾವಣಿಯ ಕೆಳಗಿನ ಸೆಕೆಯೇ ಎಂಬುದು ಗೊತ್ತಾಗುತ್ತದೆ. ಆ ಮಗುವಿಗೆ ಹತ್ತು ನಿಮಿಷ ಮೊದಲೇ ಊಟಕ್ಕೆ ಕೊಡಬಹುದು. ಗಂಟೆಯಿಂದ ದೂರ ಕೂರಿಸಬಹುದು. ನಾಳೆ ಕಾರ್ಯಕ್ರಮ ಇದೆ, ಮೈಕ್ ಹಾಕುತ್ತಾರೆ ಎಂದು ಹಿಂದಿನ ದಿನವೇ ಹೇಳಬಹುದು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಎರಡನೆಯದು ಒಂದು ಮೂಲೆ. ಗ್ರಂಥಾಲಯದ ಬದಿಯೋ, ವರಾಂಡದ ತುದಿಯೋ, ಬೇವಿನ ಮರದ ನೆರಳೋ ಸಾಕು. ನಮ್ಮ ಭಾಗದ ಮನೆಗಳಲ್ಲಿ ಹಳೆ ಸೀರೆಯ ಕೌದಿ ಇದ್ದೇ ಇರುತ್ತದೆ. ಹಾಸಲು ಒಂದು, ಬಿಸಿಲು ತಡೆಯಲು ಇನ್ನೊಂದು. ಕೌದಿ ಹಾಸಲು ಮಾತ್ರ, ಮಗುವಿಗೆ ಸುತ್ತಲು ಅಲ್ಲ. ದೊಡ್ಡ ಮಕ್ಕಳಿಗೆ ಕೈಯಾಡಿಸಲು ಒಂದು ಬುಟ್ಟಿಯಲ್ಲಿ ಜೋಳ ಅಥವಾ ಮರಳು ಇಡಬಹುದು. ಚಿಕ್ಕವರು ಕಾಳನ್ನು ಮೂಗಿಗೆ, ಬಾಯಿಗೆ ಹಾಕಿಕೊಳ್ಳುವ ಭಯ ಇದೆ, ಅವರಿಗೆ ಬಟ್ಟೆಯ ಚೆಂಡು ಕೊಡಿ.

ಎಲ್ಲರಿಗೂ ಕೂತು ಶಾಂತಿ ಸಿಗುವುದಿಲ್ಲ. ಕೆಲವರಿಗೆ ದೇಹ ದುಡಿಯಬೇಕು. ಪುಸ್ತಕದ ಕಟ್ಟು ಎತ್ತಿಡುವುದು, ಗಿಡಕ್ಕೆ ನೀರು ಹೊರುವುದು, ಗೋಡೆಗೆ ಎರಡೂ ಕೈ ಒತ್ತಿ ತಳ್ಳುವುದು ಇಂಥ ಮಕ್ಕಳಿಗೆ ಹಿತ. ಪಂಚಮಿಯಲ್ಲಿ ಜೋಕಾಲಿ ಆಡಿದವರಿಗೆ ನಿಧಾನ ತೂಗಾಟದ ಸುಖ ಹೇಳಿಕೊಡಬೇಕಿಲ್ಲ. ಉಸಿರು ನಿಧಾನವಾಗಿ, ಉದ್ದಕ್ಕೆ ಹೊರಬಿಟ್ಟರೆ ಎದೆಬಡಿತ ಇಳಿಯುತ್ತದೆ. ಇದನ್ನು ಮಗು ಆರಾಮಾಗಿರುವಾಗ ಕಲಿಸಬೇಕು, ಅಳುವಾಗ ಅಲ್ಲ.

ಮೂರನೆಯದು, ಕೇಳುವ ದಾರಿ. ಮಗು ತಾನೇ ಬಂದು "ಅಕ್ಕೋರ, ಸ್ವಲ್ಪ ಹೊತ್ತು ಆ ಮೂಲ್ಯಾಗ ಕುಂದರ್ಲಿ?" ಎಂದು ಕೇಳುವಂತಾದರೆ ಅರ್ಧ ಕೆಲಸ ಆದಂತೆ. ಮಾತು ಬಾರದ ಮಗುವಿಗೆ ತೋರಿಸಲು ಒಂದು ಬಣ್ಣದ ಚೀಟಿ ಕೊಡಿ. ಐದೋ ಹತ್ತೋ ನಿಮಿಷ ಕೂತು, ಮತ್ತೆ ಪಾಠಕ್ಕೆ ಬರಬೇಕು ಎಂಬುದೂ ತಿಳಿದಿರಲಿ. ಮೂಲೆ ಇರುವುದು ಪಾಠ ತಪ್ಪಿಸಲು ಅಲ್ಲ, ಪಾಠಕ್ಕೆ ಮರಳಲು. ಎಲ್ಲ ಮಕ್ಕಳಿಗೂ ಅದು ತೆರೆದಿದ್ದರೆ 'ಹುಚ್ಚರ ಮೂಲೆ' ಎಂಬ ಅಡ್ಡಹೆಸರೂ ಹತ್ತುವುದಿಲ್ಲ.

ಮಗುವಿನ ಇಂದ್ರಿಯಕ್ಕೆ ತಕ್ಕಂತೆ ಕಲಿಸುವುದು ಗದಗಿಗೆ ಹೊಸದೂ ಅಲ್ಲ. ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಬೆಳೆಸಿದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿ ಅಂಧ ಮಕ್ಕಳು ಕಿವಿಯಿಂದ, ಬೆರಳಿನಿಂದ ಸಂಗೀತ ಕಲಿತು ಬದುಕು ಕಟ್ಟಿಕೊಂಡರು. ಅದು ಸೆನ್ಸರಿ ರೂಮ್ ಅಲ್ಲ, ಆದರೆ ಪಾಠ ಒಂದೇ: ಮಗುವನ್ನು ಶಾಲೆಗೆ ಹೊಂದಿಸುವ ಮೊದಲು ಶಾಲೆ ಮಗುವಿಗೆ ಹೊಂದಿಕೊಳ್ಳಬೇಕು.

ಯಾರನ್ನು ಕೇಳಬೇಕು?

ಮಗು ಪದೇ ಪದೇ ಹೀಗೆ ಕುಸಿಯುತ್ತಿದ್ದರೆ ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ನಿದ್ದೆ, ಹಸಿವು, ಮನೆಯ ಜಗಳ, ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ ಎಂಬುದನ್ನೂ ನೋಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗೆ ಬರುವ ತಂಡದ ಮುಂದೆ ವಿಷಯ ಹೇಳಿ. ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರ ಬಗ್ಗೆ ವಿಚಾರಿಸಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸೇವೆ ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ಅಂಥ ವಿಡಿಯೊ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ವಾಸಿ ಮಾಡುತ್ತದೆ ಎನ್ನುತ್ತಿದೆಯೇ? ಕೊನೆಯಲ್ಲಿ ಏನನ್ನಾದರೂ ಕೊಳ್ಳಲು ಹೇಳುತ್ತಿದೆಯೇ? ಅಳುವ ಮಗುವಿನ ಮುಖ ತೋರಿಸುತ್ತಿದೆಯೇ? ಒಂದಕ್ಕೆ 'ಹೌದು' ಎಂದರೂ ಅದನ್ನು ನಿಮ್ಮ ಫೋನಿನಲ್ಲೇ ನಿಲ್ಲಿಸಿ. ಅದರ ಬದಲು ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿ: "ನಮ್ಮ ಶಾಲೆಯಲ್ಲಿ ಮಗುವಿಗೆ ಕಷ್ಟವಾದಾಗ ಹತ್ತು ನಿಮಿಷ ಸುಮ್ಮನೆ ಕೂರಲು ಜಾಗ ಇದೆಯೇ?"