ಕೂಲೆಂಟ್ ನೀರಿಗೆ ಎಣ್ಣೆ ತೊಟ್ಟಿಯೊಂದೇ ಸಾಲದು

ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಫೌಂಡ್ರಿಗಳೂ ಯಂತ್ರಾಗಾರಗಳೂ ಇವೆ. ಲೋಹ ಕೊರೆಯುವಾಗ ಉಪಕರಣ ಕಾದು ಕೆಡದಿರಲೆಂದು ಅಲ್ಲಿ ಸುರಿಸುವ ಕೂಲೆಂಟ್, ನೀರಿನಲ್ಲಿ ಎಣ್ಣೆ ಕದಡಿದ ಬೆಳ್ಳಗಿನ ದ್ರವ. ಬಳಸಿದಂತೆ ಅದು ಹಳಸಿ ನಾರುತ್ತದೆ, ಆಗ ಹೊರತೆಗೆಯಲೇಬೇಕು. ಈ ಎಣ್ಣೆನೀರಿಗೆ ತೇಲುವ ಜಿಡ್ಡನ್ನು ತಡೆಯುವ ತೊಟ್ಟಿಯೊಂದಿದ್ದರೆ ಸಾಕೆಂಬ ತಿಳಿವಳಿಕೆ ತಪ್ಪು.

ತೊಟ್ಟಿಯಲ್ಲಿ ಮೇಲೇಳುವುದು ದೊಡ್ಡ ಹನಿಗಳು ಮಾತ್ರ. ತೈಲ ಸಂಸ್ಕರಣಾಗಾರಗಳ ಎಪಿಐ ಮಾದರಿಯ ಎಣ್ಣೆ ವಿಭಜಕವೂ ಸುಮಾರು 150 ಮೈಕ್ರಾನ್‌ಗಿಂತ ದೊಡ್ಡ ಹನಿಗಳನ್ನಷ್ಟೇ ಚೆನ್ನಾಗಿ ಬೇರ್ಪಡಿಸುತ್ತದೆ. ಕೂಲೆಂಟ್‌ನಲ್ಲಿರುವ ಹನಿಗಳು ಕೆಲವೇ ಮೈಕ್ರಾನ್ ಗಾತ್ರದವು ಅಥವಾ ಇನ್ನೂ ಚಿಕ್ಕವು. ಅದರಲ್ಲಿ ಬೆರೆಸಿರುವ ರಾಸಾಯನಿಕ ಅವು ಒಂದಕ್ಕೊಂದು ಕೂಡದಂತೆ ತಡೆಯುವುದರಿಂದ, ಎಷ್ಟು ಹೊತ್ತು ನಿಲ್ಲಿಸಿದರೂ ಎಣ್ಣೆ ಪೂರ್ತಿ ತೇಲುವುದಿಲ್ಲ.

ಇಲ್ಲಿ ನೆರವಾಗುವುದು ಅಲ್ಟ್ರಾಫಿಲ್ಟ್ರೇಷನ್ ಪೊರೆ. ಅದರ ರಂಧ್ರಗಳು ಸುಮಾರು 0.01ರಿಂದ 0.1 ಮೈಕ್ರಾನ್. ಒತ್ತಡದಲ್ಲಿ ಪೊರೆಯ ಮೇಲೆ ಹರಿಸಿದಾಗ ನೀರು ದಾಟುತ್ತದೆ, ಎಣ್ಣೆ ಈಚೆಗೇ ಉಳಿಯುತ್ತದೆ. ತೈಲ ಸಂಸ್ಕರಣಾಗಾರಗಳಲ್ಲಿ ವಿಭಜಕ, ಗಾಳಿಗುಳ್ಳೆಗಳಿಂದ ಎಣ್ಣೆ ತೇಲಿಸುವ ಘಟಕ, ಜೈವಿಕ ಸಂಸ್ಕರಣೆ ಇವುಗಳ ಜೊತೆಗೆ ಪೊರೆಯನ್ನೂ ಅಳವಡಿಸಿ, ಅಗತ್ಯವಿದ್ದರೆ ಆರ್‌ಒ ಮೂಲಕ ನೀರನ್ನು ಮರುಬಳಕೆಗೆ ತರುವ ಕ್ರಮ ಇಂದು ರೂಢಿಯಲ್ಲಿದೆ. ನದಿಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡಿನ ಸಾಮಾನ್ಯ ಮಿತಿ ಲೀಟರಿಗೆ 10 ಮಿಲಿಗ್ರಾಂ. ತೈಲ ಸಂಸ್ಕರಣಾಗಾರಗಳಿಗೆ 2008ರಿಂದ ಅದು 5 ಮಿಲಿಗ್ರಾಂ.

ಪೊರೆಗೂ ಮಿತಿಗಳಿವೆ. ಎಣ್ಣೆ ಅಂಟಿ ರಂಧ್ರ ಕಟ್ಟುವುದರಿಂದ ಕ್ಷಾರ, ಆಮ್ಲಗಳಿಂದ ಆಗಾಗ ತೊಳೆಯಬೇಕು. ಸೆರಾಮಿಕ್ ಪೊರೆ ಬಾಳಿಕೆ ಬರುತ್ತದೆ, ಆದರೆ ದುಬಾರಿ. ನೀರಿನಲ್ಲಿ ಕರಗಿದ ರಾಸಾಯನಿಕಗಳು ಅಲ್ಟ್ರಾಫಿಲ್ಟ್ರೇಷನ್‌ಗೆ ಸಿಗದೆ ದಾಟಿಬಿಡುತ್ತವೆ. ಅವಕ್ಕೆ ಮುಂದಿನ ಹಂತದ ಸಂಸ್ಕರಣೆ ಬೇಕು. ಉಳಿಯುವ ದಟ್ಟ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಪರವಾನಗಿ ಪಡೆದವರಿಗೇ ಒಪ್ಪಿಸಬೇಕು.

ಈ ಖರ್ಚು, ಈ ನಿಗಾ ಸಣ್ಣ ಯಂತ್ರಾಗಾರವೊಂದಕ್ಕೆ ಹೊರೆ. ಹಾಗೆಂದು ಹೊರೆಯನ್ನು ನದಿಗೆ ದಾಟಿಸುವುದು ನ್ಯಾಯವಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಈ ಊರಿನ ಉದ್ಯಮ ಬೆಳೆದದ್ದೇ ಭದ್ರೆಯ ನೀರಿನಿಂದ. ಶಿವಮೊಗ್ಗ ಕುಡಿಯುವುದು ತುಂಗೆಯನ್ನು. ಎರಡೂ ಕೂಡಲಿಯಲ್ಲಿ ಸೇರಿ ಹೊನ್ನಾಳಿ, ಹರಿಹರದತ್ತ ಹರಿಯುತ್ತವೆ.

ಆದ್ದರಿಂದ ಒಂದೊಂದು ಘಟಕವೂ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳಲಿ ಎಂದು ಕಾಯುವ ಬದಲು, ಬಳಸಿದ ಕೂಲೆಂಟನ್ನು ಟ್ಯಾಂಕರ್‌ನಲ್ಲಿ ಸಂಗ್ರಹಿಸಿ ಪೊರೆಯಿಂದ ಸೋಸುವ ಸಾಮೂಹಿಕ ವ್ಯವಸ್ಥೆಗೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮತ್ತು ಕೈಗಾರಿಕಾ ಸಂಘಗಳು ಕೈಜೋಡಿಸಬೇಕು. ಪ್ರತಿ ಘಟಕ ಎಷ್ಟು ಕೂಲೆಂಟ್ ಕೊಂಡಿತು, ಎಷ್ಟು ಸಂಸ್ಕರಣೆಗೆ ಕೊಟ್ಟಿತು ಎಂಬ ಲೆಕ್ಕವನ್ನು ಮಾಲಿನ್ಯ ನಿಯಂತ್ರಣ ಮಂಡಳಿ ತಾಳೆ ನೋಡಿ, ನೀರಿನ ಪರೀಕ್ಷೆಯ ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಬೇಕು.

– ಓದುಗ, ಭದ್ರಾವತಿ