ತಿನ್ನಲು ತಕ್ಕದ್ದು, ಉಸಿರಾಡಲು ತಕ್ಕದ್ದೇ?

ಗ್ಲಿಸರಿನ್ ನಮ್ಮ ಮನೆಗಳಿಗೆ ಹೊಸ ವಸ್ತುವಲ್ಲ. ಮಾರ್ಗಶಿರದ ಚಳಿಗೆ ತುಟಿ ಒಡೆದಾಗ ಸವರಿಕೊಂಡಿದ್ದೇವೆ. ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಬೋರೋಗ್ಲಿಸರಿನ್ನನ್ನು ಹಿರಿಯರು ಬಲ್ಲರು. ಕೆಮ್ಮಿನ ಔಷಧದ ಸವಿಯಲ್ಲಿಯೂ ಪೇಟೆಯ ಕೇಕಿನ ಮೃದುತನದಲ್ಲಿಯೂ ಅದರ ಪಾಲುಂಟು. ಚಲನಚಿತ್ರದ ನಾಯಕಿಯರು ನಮ್ಮನ್ನು ಅಳಿಸುವ ಮೊದಲು ತಾವು ಅಳುವುದೂ ಅದರ ದಯೆಯಿಂದಲೇ. ನೂಲಿಗೆ ಹಾಕಿದ ಗಂಜಿ ಒಣಗಿ ಪೆಡಸಾಗದಂತೆ ಅದಕ್ಕೆ ತೇವ ಹಿಡಿಯುವ ಇಂತಹ ಪದಾರ್ಥವನ್ನು ಬೆರೆಸುವ ಪದ್ಧತಿ ನೇಯ್ಗೆಯವರಾದ ನಮಗೆ ಹೊಸತಲ್ಲ. ಇಷ್ಟು ಸಾಧುವಾದ ವಸ್ತುವಿನ ಮೇಲೆ ಯಾರಿಗೆ ತಾನೆ ಸಂಶಯ ಬಂದೀತು?

ಸೋಮನೂರಿನ ಒಬ್ಬ ತಾಯಿಗೆ ಬಂದಿದೆ. ಅವರ ಹಿರಿಯ ಮಗ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾನೆ, ವಯಸ್ಸು ಹತ್ತೊಂಬತ್ತು. ಕಿರಿಯವನು ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಬಟ್ಟೆ ಒಗೆಯುವಾಗ ಹಿರಿಯವನ ಜೇಬಿನಲ್ಲಿ ಪೆನ್ನಿನಂತಹ ಒಂದು ಸಾಧನ ಸಿಕ್ಕಿತು. ವಿಚಾರಿಸಲಾಗಿ ಅದು ಎಲೆಕ್ಟ್ರಾನಿಕ್ ಸಿಗರೇಟು ಎಂದು ತಿಳಿಯಿತು. ತಮ್ಮನೂ ಅದನ್ನು ಎರಡು ಮೂರು ಸಲ ಸೇದಿ ನೋಡಿದ್ದಾನೆ. "ಸಾರ್, ಇದರಲ್ಲಿ ಹೊಗೆಸೊಪ್ಪೇ ಇಲ್ಲವಂತೆ. ಬರೀ ವೆಜಿಟೆಬಲ್ ಗ್ಲಿಸರಿನ್ ಅಂತೆ. ಕೇಕಿಗೆ ಹಾಕುತ್ತಾರಲ್ಲ, ಅದೇ ತಾನೆ ಅಮ್ಮಾ ಅನ್ನುತ್ತಾನೆ. ನನಗೆ ಉತ್ತರ ಹೊಳೆಯಲಿಲ್ಲ" ಎಂದು ಆಕೆ ನನ್ನಲ್ಲಿ ಹೇಳಿಕೊಂಡರು. ಇದೇ ಮಾತನ್ನು ಇನ್ನೂ ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳು ಹೇಳುತ್ತಿರುವರೋ ಎಂಬ ಯೋಚನೆಯಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ವಸ್ತುವಿನ ಪರಿಚಯ. 1779ರಲ್ಲಿ ಸ್ವೀಡನ್ನಿನ ಶೀಲೆ ಎಂಬ ರಸಾಯನಶಾಸ್ತ್ರಜ್ಞನು ಆಲಿವ್ ಎಣ್ಣೆಯನ್ನು ಸೀಸದ ಭಸ್ಮದೊಡನೆ ಕಾಯಿಸಿದಾಗ ಸಿಹಿಯಾದ ಮಂದ ದ್ರವವೊಂದು ದೊರೆಯಿತು. ಗ್ರೀಕ್ ಭಾಷೆಯ 'ಸಿಹಿ' ಎಂಬ ಪದದಿಂದಲೇ ಮುಂದೆ ಅದಕ್ಕೆ ಗ್ಲಿಸರಿನ್ ಎಂದು ಹೆಸರಾಯಿತು. ಎಣ್ಣೆ ಕೊಬ್ಬುಗಳಿಂದ ಸಾಬೂನು ಮಾಡುವಲ್ಲೆಲ್ಲ ಇದು ಉಪೋತ್ಪನ್ನವಾಗಿ ಹೊರಬರುತ್ತದೆ. ತಾಳೆಯೆಣ್ಣೆ, ತೆಂಗಿನೆಣ್ಣೆಗಳಿಂದ ಬಂದದ್ದಕ್ಕೆ 'ವೆಜಿಟೆಬಲ್' ಎಂಬ ವಿಶೇಷಣ. ಪ್ರಾಣಿಜನ್ಯ ಕೊಬ್ಬಿನಿಂದ ಬಂದ ಗ್ಲಿಸರಿನ್ನಿಗೂ ಇದಕ್ಕೂ ಅಣುರಚನೆಯಲ್ಲಿ ಎಳ್ಳಷ್ಟೂ ಭೇದವಿಲ್ಲ. ಸಸ್ಯಾಹಾರಿಗಳಿಗೆ ಆ ವಿಶೇಷಣದಿಂದ ಸಮಾಧಾನವಾಗಬಹುದು, ಆದರೆ ಶ್ವಾಸಕೋಶಕ್ಕೆ ಅದರಿಂದ ಆಗುವ ಪ್ರಯೋಜನ ಏನೂ ಇಲ್ಲ. ಹೊಗೆಸೊಪ್ಪೂ ಸಸ್ಯವೇ, ದತ್ತೂರಿಯೂ ಸಸ್ಯವೇ.

ಈಗ ಆ ಹುಡುಗನ ತರ್ಕಕ್ಕೆ ಬರೋಣ. ತಿಂದರೆ ಕೆಡುಕಿಲ್ಲದ್ದು ಉಸಿರಿನಲ್ಲಿ ಹೋದರೂ ಕೆಡುಕಿಲ್ಲ ಎಂಬುದು ಅವನ ವಾದ. ಈ ವಾದಕ್ಕೆ ಉತ್ತರ ಹುಡುಕಿಕೊಂಡು ಸೋಮನೂರಿನವರು ದೂರ ಹೋಗಬೇಕಾಗಿಲ್ಲ. ಹತ್ತಿಗಿಂತ ಸೌಮ್ಯವಾದ ವಸ್ತು ಇನ್ನಾವುದುಂಟು? ಹುಟ್ಟಿದ ಕೂಸನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತುತ್ತೇವೆ, ಗಾಯಕ್ಕೆ ಹತ್ತಿಯನ್ನೇ ಇಡುತ್ತೇವೆ. ಅದೇ ಹತ್ತಿ ಧೂಳಾಗಿ ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಬಿಸಿನೋಸಿಸ್ ಎಂಬ ರೋಗ ಬರುತ್ತದೆ. ನೂಲಿನ ಗಿರಣಿಯಲ್ಲಿ ದುಡಿದ ಹಿರಿಯರನ್ನು ಕೇಳಿ ನೋಡಿರಿ: ವಾರದ ರಜೆ ಕಳೆದು ಮರಳಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುತ್ತಿತ್ತು ಎಂದು ಹೇಳುವವರಿದ್ದಾರೆ. ಪಾಶ್ಚಾತ್ಯ ವೈದ್ಯರು ಇದನ್ನು ಸೋಮವಾರದ ಕಾಯಿಲೆ ಎಂದೇ ಕರೆದರು. ಹತ್ತಿಯೊಡನೆ ಬರುವ ಎಲೆಚೂರುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳ ವಿಷಾಂಶವೇ ಇದಕ್ಕೆ ಮುಖ್ಯ ಕಾರಣವೆಂದು ಇಂದು ತಿಳಿಯಲಾಗಿದೆ. ನಮ್ಮ ದೇಶದ ಕಾರ್ಮಿಕರ ಪರಿಹಾರದ ಕಾಯಿದೆಯಲ್ಲಿ ಇದು ವೃತ್ತಿರೋಗಗಳ ಪಟ್ಟಿಗೆ ಸೇರಿದೆ. ಅಮೆರಿಕದಲ್ಲಿ 1978ರಲ್ಲಿ ಗಾಳಿಯೊಳಗಿನ ಹತ್ತಿಧೂಳಿಗೆ ಮಿತಿ ಹಾಕಿದರು: ನೂಲುವ ವಿಭಾಗದಲ್ಲಿ ಒಂದು ಘನ ಮೀಟರು ಗಾಳಿಗೆ 200 ಮೈಕ್ರೋಗ್ರಾಂ, ಗಂಜಿ ಹಾಕುವ ಮತ್ತು ನೇಯುವ ವಿಭಾಗಗಳಲ್ಲಿ 750. ಇಂತಹ ಲೆಕ್ಕಕ್ಕೆ ಬರುವ ಮೊದಲು ಗಿರಣಿಗಳು ಎಷ್ಟು ತಲೆಮಾರು ನಡೆದಿದ್ದವು ಎಂಬುದನ್ನು ಗಮನಿಸಬೇಕು. ಎಲೆಕ್ಟ್ರಾನಿಕ್ ಸಿಗರೇಟು ಚೀನಾದಲ್ಲಿ ರೂಪುಗೊಂಡದ್ದು 2003ರಲ್ಲಿ. ಅದನ್ನು ಹದಿನೈದನೆಯ ವಯಸ್ಸಿನಲ್ಲಿ ಹಿಡಿದು ಅರವತ್ತರವರೆಗೆ ಸೇದಿದ ಮನುಷ್ಯ ಭೂಮಿಯ ಮೇಲೆ ಇನ್ನೂ ಒಬ್ಬನೂ ಇಲ್ಲ.

ಹೊಟ್ಟೆಗೂ ಎದೆಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಹೀಗೆ ಹೇಳಬಹುದು. ಹೊಟ್ಟೆಗೆ ಹೋದದ್ದನ್ನು ಆಮ್ಲ ಕರಗಿಸುತ್ತದೆ, ಕರುಳು ಆರಿಸುತ್ತದೆ, ಯಕೃತ್ತು ಶೋಧಿಸುತ್ತದೆ. ಕೆಟ್ಟದ್ದಾದರೆ ವಾಂತಿಯ ದಾರಿಯೂ ಉಂಟು. ಶ್ವಾಸಕೋಶಕ್ಕೆ ಅಷ್ಟು ಕಾವಲುಗಾರರಿಲ್ಲ. ಅದರ ಒಳಗಿನ ಗಾಳಿಗೂಡುಗಳನ್ನೆಲ್ಲ ಬಿಚ್ಚಿ ಹರಡಿದರೆ ಸುಮಾರು 70 ಚದರ ಮೀಟರಾಗುತ್ತದೆ, ಅಂದರೆ ಹನ್ನೊಂದು ಸೀರೆಗಳನ್ನು ಒಂದರ ಪಕ್ಕದಲ್ಲಿ ಒಂದು ಹಾಸಿದಷ್ಟು. ಆ ಬಟ್ಟೆಯ ದಪ್ಪವಾದರೋ ಕೂದಲೆಳೆಗಿಂತ ಎಷ್ಟೋ ಪಾಲು ತೆಳುವು. ಗಾಳಿಯೂ ರಕ್ತವೂ ಅದರ ಎರಡು ಬದಿಗಳಲ್ಲಿ ನಿಂತು ವ್ಯವಹಾರ ನಡೆಸುತ್ತವೆ. ಇನ್ನು ಸಾಧನದಿಂದ ಬರುವುದನ್ನು ಜನ ಆವಿ ಎನ್ನುತ್ತಾರೆ. ನೆಗಡಿಗೆ ಹಬೆ ಹಿಡಿದಂತೆ ಎಂದು ಭಾವಿಸುತ್ತಾರೆ. ಅದು ಗ್ಲಿಸರಿನ್ನಿನ ಅತಿ ಸೂಕ್ಷ್ಮ ಹನಿಗಳ ಮಂಜು. ಗ್ಲಿಸರಿನ್ ಎಲ್ಲಿದ್ದರೂ ನೀರನ್ನು ಸೆಳೆದುಕೊಳ್ಳುತ್ತದೆ; ಸೇದುವವರ ಬಾಯಿಯೂ ಗಂಟಲೂ ಒಣಗುವುದಕ್ಕೆ ಅದೊಂದು ಕಾರಣ.

ಕಾಯಿಸಿದಾಗ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಇದರ ಉತ್ತರ ಪ್ರತಿ ಗೃಹಿಣಿಗೂ ಗೊತ್ತಿದೆ, ಹೆಸರು ಮಾತ್ರ ಗೊತ್ತಿಲ್ಲ. ಬಾಣಲೆಯಲ್ಲಿ ಎಣ್ಣೆ ಅತಿಯಾಗಿ ಕಾದು ಹೊಗೆಯಾಡಿದಾಗ ಕಣ್ಣು ಉರಿದು, ಗಂಟಲು ಕೆರೆದು, ಮನೆಮಂದಿಯೆಲ್ಲ ಕೆಮ್ಮುವುದುಂಟಷ್ಟೆ. ಎಣ್ಣೆಯೊಳಗಿನ ಗ್ಲಿಸರಿನ್ ಭಾಗವು ಶಾಖಕ್ಕೆ ತನ್ನಲ್ಲಿನ ನೀರಿನಂಶವನ್ನು ಕಳೆದುಕೊಂಡು ಅಕ್ರೋಲಿನ್ ಎಂಬ ಘಾಟು ವಸ್ತುವಾಗುವುದೇ ಅದರ ಮುಖ್ಯ ಕಾರಣ. ಮೊದಲನೆಯ ಮಹಾಯುದ್ಧದಲ್ಲಿ ಫ್ರೆಂಚರು ಶತ್ರುಗಳ ಮೇಲೆ ಇದನ್ನೇ ಪ್ರಯೋಗಿಸಿದ್ದರು. ಗ್ಲಿಸರಿನ್ ಕುದಿಯುವುದು 290 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಆ ಹೊತ್ತಿಗೆ ಒಡೆಯಲೂ ತೊಡಗಿರುತ್ತದೆ. ಸಾಧನದೊಳಗಿನ ತಂತಿಸುರುಳಿ ಹದವಾಗಿ ಕಾದರೆ ಹುಟ್ಟುವ ಅಕ್ರೋಲಿನ್ ಅಲ್ಪ. ಸಾಮಾನ್ಯ ಸಿಗರೇಟಿನ ಹೊಗೆಯಲ್ಲಿರುವುದಕ್ಕಿಂತ ಕಡಿಮೆ. ಈ ಸತ್ಯವನ್ನು ಮುಚ್ಚಿಡಬಾರದು, ಮುಚ್ಚಿಟ್ಟರೆ ಹುಡುಗರು ನಮ್ಮ ಉಳಿದ ಮಾತುಗಳನ್ನೂ ನಂಬಲಾರರು. ಆದರೆ ದ್ರವ ಮುಗಿದು ಬತ್ತಿ ಒಣಗಿದಾಗ, ಇಲ್ಲವೆ ಅಗ್ಗದ ಸಾಧನದಲ್ಲಿ ಶಾಖ ಮಿತಿಮೀರಿದಾಗ, ಅಕ್ರೋಲಿನ್ನೂ ಫಾರ್ಮಾಲ್ಡಿಹೈಡೂ ಹಲವು ಪಟ್ಟು ಏರುತ್ತವೆ. ನಮ್ಮ ಶಾಲೆಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಪುಡಿಯ ಮೇಲೆ ನಾಲ್ಕು ಹನಿ ಗ್ಲಿಸರಿನ್ ಬಿಟ್ಟು, ಅದು ತಾನಾಗಿ ಭುಗಿಲೆಂದು ಹೊತ್ತಿಕೊಳ್ಳುವುದನ್ನು ಮಕ್ಕಳಿಗೆ ತೋರಿಸುವುದುಂಟು. ಸಾಧುವಾದ ವಸ್ತು ಎಲ್ಲ ಸಂದರ್ಭದಲ್ಲಿಯೂ ಸಾಧುವಾಗಿರುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ.

ಕಾಯಿಸದ ಶುದ್ಧ ಗ್ಲಿಸರಿನ್ನಿನ ಮಂಜನ್ನು ಇಲಿಗಳಿಗೆ 13 ವಾರ ಉಸಿರಾಡಿಸಿ ನೋಡಿದ ಪ್ರಯೋಗವೊಂದು 1992ರಲ್ಲಿ ಪ್ರಕಟವಾಯಿತು. ಹೆಚ್ಚಿನ ಪ್ರಮಾಣದಲ್ಲಿ ಕಿರುನಾಲಗೆಯ ಕೆಳಗೆ ಶ್ವಾಸನಾಳದ ಬಾಯಿ ಮುಚ್ಚುವ ಭಾಗದ ಒಳಪದರದಲ್ಲಿ ಸ್ವಲ್ಪ ಮಾರ್ಪಾಟು ಕಂಡಿತು; ಅದಕ್ಕಿಂತ ದೊಡ್ಡ ಕೆಡುಕು ಕಾಣಲಿಲ್ಲ. ಮಾರುವವರು ಇದನ್ನು ತಮ್ಮ ಪರವಾಗಿ ಎತ್ತಿ ಹೇಳಬಹುದು. ಹದಿಮೂರು ವಾರಕ್ಕೂ ನಲವತ್ತು ವರ್ಷಕ್ಕೂ ಇರುವ ಅಂತರವನ್ನು ಅವರು ಹೇಳುವುದಿಲ್ಲ.

ಗ್ಲಿಸರಿನ್ ಒಬ್ಬಂಟಿಯಾಗಿಯೂ ಬರುವುದಿಲ್ಲ. ಅದರೊಡನೆ ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ, ಸುವಾಸನೆಗಳಿರುತ್ತವೆ, ಬಹುಪಾಲು ನಿಕೋಟಿನ್ ಇರುತ್ತದೆ. 'ನಿಕೋಟಿನ್ ಇಲ್ಲ' ಎಂದು ಬರೆದ ಸೀಸೆಗಳಲ್ಲಿಯೂ ನಿಕೋಟಿನ್ ಪತ್ತೆಯಾದದ್ದುಂಟು. ಅಮೆರಿಕದ ಮಿಸೌರಿ ಪ್ರಾಂತದ ಜಾಸ್ಪರ್ ಎಂಬ ಊರಿನಲ್ಲಿ ಜೋಳದ ಅರಳಿಗೆ ಬೆಣ್ಣೆಯ ವಾಸನೆ ಬೆರೆಸುವ ಕಾರ್ಖಾನೆಯೊಂದಿತ್ತು. ಅಲ್ಲಿ ದುಡಿದ ಎಂಟು ಮಂದಿಗೆ ಶ್ವಾಸನಾಳದ ಕಿರುಕೊಂಬೆಗಳು ಮುಚ್ಚಿಹೋಗುವ ಕಾಯಿಲೆ ಬಂದದ್ದು 2000ದಲ್ಲಿ ಬೆಳಕಿಗೆ ಬಂತು. ಡೈಅಸಿಟೈಲ್ ಎಂಬ ಆ ಸುವಾಸನೆಯನ್ನು ತಿಂದವರಿಗೆ ಏನೂ ಆಗಲಿಲ್ಲ, ಉಸಿರಾಡಿದವರಿಗೆ ಆಯಿತು. 2019ರಲ್ಲಿ ಅದೇ ದೇಶದಲ್ಲಿ ಇಂತಹ ಸಾಧನಗಳನ್ನು ಸೇದಿದವರಿಗೆ ಹಠಾತ್ತಾಗಿ ಶ್ವಾಸಕೋಶ ಕೆಟ್ಟಿತು. 2020ರ ಫೆಬ್ರವರಿಯ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕವರು 2,807; ಸತ್ತವರು 68. ಪರೀಕ್ಷಿಸಿದ 51 ರೋಗಿಗಳ ಶ್ವಾಸಕೋಶದ ದ್ರವದಲ್ಲಿ 48 ಮಂದಿಯಲ್ಲಿ ವಿಟಮಿನ್ ಇ ಅಸಿಟೇಟ್ ದೊರೆಯಿತು. ಗಾಂಜಾದ ಸಾರವಿದ್ದ ದ್ರವಗಳನ್ನು ಮಂದಗೊಳಿಸಲು ಅದನ್ನು ಕಲಬೆರಕೆ ಮಾಡಿದ್ದರು. ಗುಳಿಗೆಯಾಗಿ ನುಂಗಿದರೆ, ಮುಖಕ್ಕೆ ಹಚ್ಚಿದರೆ ಅದು ನಿರಪಾಯಕರ ಜೀವಸತ್ವ.

ಕಲಬೆರಕೆಯ ಮಾತು ಬಂದುದರಿಂದ ನಮ್ಮ ದೇಶದ ಕಥೆಯನ್ನೂ ಹೇಳಬೇಕು. 1986ರ ಆರಂಭದಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಔಷಧವೆಂದು ಕೊಟ್ಟ ಗ್ಲಿಸರಿನ್ನಿನಿಂದಲೇ 14 ಮಂದಿ ರೋಗಿಗಳು ಸತ್ತರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕೆಯ ವಿಷ ಬೆರೆತಿತ್ತು. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗ ಅದನ್ನು ವಿಚಾರಣೆ ಮಾಡಿತು. ನೋಡಲು, ಮುಟ್ಟಲು, ರುಚಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಬೆಲೆ ಮಾತ್ರ ಬೇರೆ. 2025ರಲ್ಲಿ ನಮ್ಮದೇ ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಕೆಮ್ಮಿನ ಔಷಧವನ್ನು ಕುಡಿದು ಮಧ್ಯಪ್ರದೇಶದ ಛಿಂದ್ವಾಡಾ ಪ್ರದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಸತ್ತದ್ದೂ ಅದೇ ವಿಷದಿಂದ. ಅಮೆರಿಕದ ಸರ್ಕಾರಿ ಪರೀಕ್ಷಕರು 2009ರಲ್ಲಿ ಎಲೆಕ್ಟ್ರಾನಿಕ್ ಸಿಗರೇಟಿನ ಒಂದು ಕೊಳವೆಯಲ್ಲಿಯೂ ಇದನ್ನು ಕಂಡರು. ಪರವಾನಗಿ, ತಪಾಸಣೆ, ಲೆಕ್ಕಪತ್ರಗಳೆಲ್ಲ ಇರುವ ಔಷಧದ ಗತಿಯೇ ಹೀಗಾದರೆ, ಕದ್ದು ಮಾರುವ ಸೀಸೆಯ ಮೇಲಿನ 'ಶುದ್ಧ' ಎಂಬ ಚೀಟಿಯನ್ನು ಯಾರು ನಂಬಬೇಕು?

ಕದ್ದು ಮಾರುವ ಎಂದೆನಲ್ಲ, ಆ ಮಾತು ಉತ್ಪ್ರೇಕ್ಷೆಯಲ್ಲ. ಕರ್ನಾಟಕವು 2016ರಲ್ಲಿಯೂ ತಮಿಳುನಾಡು 2018ರಲ್ಲಿಯೂ ಇದನ್ನು ನಿಷೇಧಿಸಿದವು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು, ಅದೇ ವರ್ಷ ಅದು ಕಾಯಿದೆಯಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ: ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನಿಕೋಟಿನ್ ಇರಲಿ ಇಲ್ಲದಿರಲಿ, ವಸ್ತುವನ್ನು ಕಾಯಿಸಿ ಸೇದಲು ಮಂಜು ಹೊರಡಿಸುವ ಸಾಧನಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಆದುದರಿಂದ 'ಬರೀ ಗ್ಲಿಸರಿನ್' ಎಂಬ ಸಮಜಾಯಿಷಿ ಅಲ್ಲಿಯೂ ನಡೆಯದು. ಸಿಂಗಪುರದಲ್ಲಿ ಕೆಲಸಕ್ಕಿರುವ ಮಕ್ಕಳ ತಂದೆತಾಯಿಗಳು ಇನ್ನೊಂದನ್ನು ನೆನಪಿಡಬೇಕು: ಅಲ್ಲಿ ಇದನ್ನು ಬಳಿಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ.

ಇಂಗ್ಲೆಂಡಿನಲ್ಲಿ ವೈದ್ಯರೇ ಇದನ್ನು ಶಿಫಾರಸು ಮಾಡುತ್ತಾರಲ್ಲ ಎಂದು ಓದಿಕೊಂಡ ತರುಣರು ಕೇಳಬಹುದು. ಹೌದು, ಅಲ್ಲಿನ ಆರೋಗ್ಯ ಇಲಾಖೆ 2015ರಲ್ಲಿ ಇದು ಸಿಗರೇಟಿಗಿಂತ ನೂರಕ್ಕೆ 95 ಪಾಲು ಕಡಿಮೆ ಹಾನಿಕರವೆಂದು ಅಂದಾಜು ಮಾಡಿತ್ತು. ಅದು ಇಪ್ಪತ್ತು ಮೂವತ್ತು ವರ್ಷ ಸಿಗರೇಟು ಸೇದಿ ಬಿಡಲಾರದೆ ಒದ್ದಾಡುವವರಿಗಾಗಿ ಹೇಳಿದ ಮಾತು. ಆ ಲೆಕ್ಕದ ಬಗ್ಗೆಯೂ ಅಲ್ಲಿನ ವಿದ್ವಾಂಸರಲ್ಲಿ ತಕರಾರಿದೆ. ಬೀಡಿಯನ್ನೇ ಮುಟ್ಟದ ಒಂಬತ್ತನೆಯ ತರಗತಿಯ ಹುಡುಗನ ಮಟ್ಟಿಗೆ ಹೋಲಿಕೆ ಸಿಗರೇಟಿನೊಡನೆ ಅಲ್ಲ, ಸೋಮನೂರಿನ ಬೆಳಗಿನ ಗಾಳಿಯೊಡನೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟು. ಕಿರಿಯವನನ್ನು ಹೊಡೆಯಬೇಡಿರಿ, ಬಾಣಲೆಯ ಎಣ್ಣೆಯನ್ನೂ ಹತ್ತಿಯ ಧೂಳನ್ನೂ ನೆನಪಿಗೆ ತಂದು ಮಾತನಾಡಿರಿ. ಅವನಿಗೆ ಉಬ್ಬಸವಿದ್ದರೆ, ಕೆಮ್ಮು ಎರಡು ವಾರ ದಾಟಿದರೆ ವೈದ್ಯರಲ್ಲಿ ಕರೆದೊಯ್ದು ಸೇದಿದ ಸಂಗತಿಯನ್ನು ಮುಚ್ಚಿಡದೆ ತಿಳಿಸಿರಿ. ಹಿರಿಯವನಿಗೆ ಬೆಳಿಗ್ಗೆ ಎದ್ದೊಡನೆ ಅದು ಬೇಕೆನಿಸುತ್ತದೆಯೇ, ಸಿಗದಿದ್ದರೆ ಸಿಡುಕುತ್ತಾನೆಯೇ ನೋಡಿರಿ. ಹಾಗಿದ್ದಲ್ಲಿ ಸೀಸೆಯಲ್ಲಿ ಗ್ಲಿಸರಿನ್ ಒಂದೇ ಇರಲಿಲ್ಲ ಎಂದು ತಿಳಿಯಬಹುದು. ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ಸರ್ಕಾರದ ಉಚಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ. ಕಿತ್ತುಕೊಂಡ ಸಾಧನವನ್ನು ಮಾತ್ರ ಒಲೆಗೆ ಹಾಕಬೇಡಿರಿ, ಮಗ್ಗದ ಮನೆಯ ಮೂಲೆಗೂ ಎಸೆಯಬೇಡಿರಿ. ಅದರೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ಜಜ್ಜಿದರೆ ಅಥವಾ ಕಾದರೆ ಸಿಡಿದು ಉರಿಯುತ್ತದೆ; ಸುತ್ತಲೂ ಹತ್ತಿಯ ಎಳೆಗಳು ಹಾರಾಡುವ ಮನೆಗಳು ನಮ್ಮವು.