ಕಿಲೋದಲ್ಲಿ ಮಾರುವವರು ಲೀಟರನ್ನೂ ಬಲ್ಲವರಾಗಿರಲಿ



ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಯಾವ ಕಿರಾಣಿ ಅಂಗಡಿಗೆ ಹೋದರೂ ಹಾಲು ಅರ್ಧ ಲೀಟರ್, ಎಣ್ಣೆ ಒಂದು ಲೀಟರ್ ಎಂದೇ ಕೇಳುತ್ತೀರಿ. ಪಾವು, ಸೇರು ಎಂದರೆ ಈಗಿನ ಹುಡುಗರು ಪಿಳಿಪಿಳಿ ನೋಡುತ್ತಾರೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಯಾಯಿತು. ಅದಕ್ಕೆ ಮುಂಚೆ ಕೊಳಗ, ಖಂಡುಗಗಳು ಸೀಮೆಗೊಂದು ಬಗೆಯಾಗಿದ್ದವು. ಕೊಳ್ಳುವಾಗ ಗೋಪುರ ಬರುವಂತೆ ತುಂಬಿ, ಕೊಡುವಾಗ ಅಂಚಿಗೆ ಸಮನಾಗಿ ಗೀರಿ ಅಳೆಯುವ ಜಾಣರಿಗೆ ಅದೇ ಅನುಕೂಲವಾಗಿತ್ತು. ಮೆಟ್ರಿಕ್ ಅಳತೆ ಆ ಜಾಣತನಕ್ಕೆ ಕಡಿವಾಣ ಹಾಕಿತು. ಆದರೆ ಅಳತೆ ಸರಿಯಾದ ಮಾತ್ರಕ್ಕೆ ರೈತನ ಲೆಕ್ಕ ಸರಿಹೋಗುವುದಿಲ್ಲ. ಆ ಅಳತೆ ಅವನಿಗೂ ಗೊತ್ತಿರಬೇಕು.

ದ್ರಾಕ್ಷಿಯ ಉದಾಹರಣೆಯನ್ನೇ ನೋಡಿ. ನಮ್ಮ ರಾಜ್ಯದಲ್ಲಿ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿ ಬಂತು. ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವವರಿಗೆ ಇದು ಹೊಸ ಮಾರುಕಟ್ಟೆ. ಕುಡಿತವನ್ನು ಹೊಗಳಲು ನಾವು ಇದನ್ನು ಹೇಳುತ್ತಿಲ್ಲ. ಇಲ್ಲಿರುವ ಲೆಕ್ಕವನ್ನು ತೋರಿಸಬೇಕಾಗಿದೆ. ಬೆಳೆದವನು ಕಿಲೋ ಲೆಕ್ಕದಲ್ಲಿ ಮಾರುತ್ತಾನೆ. ಕೊಂಡವನು ಲೀಟರ್ ಲೆಕ್ಕದಲ್ಲಿ ಮಾರುತ್ತಾನೆ. ನಡುವಿನ ಲೆಕ್ಕ ಯಾರಿಗೆ ಗೊತ್ತೋ ಚೌಕಾಶಿಯಲ್ಲಿ ಮೇಲುಗೈ ಅವನದು.

ದ್ರಾಕ್ಷಾರಸದ ಬಾಟಲಿ ಸಾಮಾನ್ಯವಾಗಿ 750 ಮಿಲಿಲೀಟರ್. ಹನ್ನೆರಡು ಬಾಟಲಿಯ ಪೆಟ್ಟಿಗೆಯೆಂದರೆ 9 ಲೀಟರ್. ದೊಡ್ಡ ಉತ್ಪಾದನೆಯನ್ನು ಹೆಕ್ಟೋಲೀಟರಿನಲ್ಲಿ ಅಳೆಯುತ್ತಾರೆ. ಒಂದು ಹೆಕ್ಟೋಲೀಟರ್ ಎಂದರೆ 100 ಲೀಟರ್. ಹೆಕ್ಟೇರಿಗೆ 50 ಹೆಕ್ಟೋಲೀಟರ್ ಇಳುವರಿ ಎಂದರೆ 5,000 ಲೀಟರ್. ನಮ್ಮ ಎಕರೆ ಲೆಕ್ಕಕ್ಕೆ ಇಳಿಸಿದರೆ ಸುಮಾರು 2,000 ಲೀಟರ್, ಅಂದರೆ ಹತ್ತಿರ ಹತ್ತಿರ 2,700 ಬಾಟಲಿ. ಫ್ರಾನ್ಸಿನ ಶಾಂಪೇನ್ ಪ್ರಾಂತದಲ್ಲಿ 4,000 ಕಿಲೋ ದ್ರಾಕ್ಷಿಯಿಂದ 2,550 ಲೀಟರಿಗಿಂತ ಹೆಚ್ಚು ರಸ ಹಿಂಡುವಂತಿಲ್ಲ ಎಂಬ ನಿಯಮವಿದೆ. ಒಂದು ಟನ್ ಹಣ್ಣಿಗೆ ಎಷ್ಟು ಲೀಟರ್ ರಸವೆಂಬುದು ಅಲ್ಲಿ ಬೆಳೆಗಾರನಿಗೂ ಗೊತ್ತಿರುವ ವಿಷಯ, ಗುಟ್ಟಲ್ಲ.

2023ರಲ್ಲಿ ಇಡೀ ಪ್ರಪಂಚದಲ್ಲಿ ತಯಾರಾದ ದ್ರಾಕ್ಷಾರಸ ಸುಮಾರು 23.7 ಕೋಟಿ ಹೆಕ್ಟೋಲೀಟರ್. ಅಂಕಿ ದೊಡ್ಡದೆನಿಸುತ್ತದೆಯೇ? ಭದ್ರಾ ನಾಲೆಯ ನೀರಿಗೆ ಕಾಯುವ ನಿಮಗೆ ಟಿ.ಎಂ.ಸಿ. ಪರಿಚಯವೇ. ಒಂದು ಟಿ.ಎಂ.ಸಿ. ಎಂದರೆ ಸುಮಾರು 2,832 ಕೋಟಿ ಲೀಟರ್. ಪ್ರಪಂಚದ ಆ ವರ್ಷದ ದ್ರಾಕ್ಷಾರಸವೆಲ್ಲ 2,370 ಕೋಟಿ ಲೀಟರ್, ಒಂದು ಟಿ.ಎಂ.ಸಿ. ಕೂಡ ಆಗಲಿಲ್ಲ! ನಮ್ಮ ಭದ್ರಾ ಜಲಾಶಯದ ಸಾಮರ್ಥ್ಯವೇ 71 ಟಿ.ಎಂ.ಸಿ.ಗೂ ಮಿಕ್ಕಿದೆ. ಒಂದೇ ಅಳತೆಗೆ ತಂದು ನೋಡಿದರೆ ದೊಡ್ಡದು ಯಾವುದು, ಸಣ್ಣದು ಯಾವುದು ತಿಳಿಯುತ್ತದೆ.

“ನಮ್ಮದು ಮೆಕ್ಕೆಜೋಳದ ಸೀಮೆ, ನಮಗೇಕೆ ಈ ಲೆಕ್ಕ?” ಎನ್ನಬೇಡಿ. ಮೆಕ್ಕೆಜೋಳದಿಂದಲೂ ಈಗ ಎಥನಾಲ್ ತೆಗೆಯುತ್ತಾರೆ. ಒಂದು ಟನ್ ಜೋಳಕ್ಕೆ 350ರಿಂದ 400 ಲೀಟರ್ ಬರುತ್ತದೆ. ಕ್ವಿಂಟಾಲಿಗೆ ದರ ಕೇಳುವಾಗ ಆ ಕ್ವಿಂಟಾಲಿನಿಂದ 35 ಲೀಟರಿಗೆ ಕಡಮೆಯಿಲ್ಲದೆ ಬರುತ್ತದೆಂಬುದು ಮನಸ್ಸಿನಲ್ಲಿರಲಿ. ತಯಾರಿಕೆಯ ಖರ್ಚು ಕಾರ್ಖಾನೆಗೆ ಇದ್ದೇ ಇದೆ, ಒಪ್ಪೋಣ. ಆದರೂ ಲೆಕ್ಕ ಬಲ್ಲವನ ಮಾತಿಗೆ ತೂಕ ಹೆಚ್ಚು. ಜೋಳಕ್ಕೆ ತೇವಾಂಶ ಹೇಗೋ ದ್ರಾಕ್ಷಿಗೆ ಸಕ್ಕರೆಯ ಅಂಶ ಹಾಗೆ. ಎರಡನ್ನೂ ನಿಮ್ಮ ಕಣ್ಣೆದುರಿಗೇ ಅಳೆಯುವಂತೆ ಕೇಳಿರಿ.

ಇನ್ನು ಔಷಧದ ವಿಷಯ. ಡಬ್ಬಿಯ ಚೀಟಿಯಲ್ಲಿ ಹೆಕ್ಟೇರಿಗೆ 500 ಮಿಲಿಲೀಟರ್ ಎಂದಿದ್ದರೆ ಎಕರೆಗೆ 200 ಸಾಕು. ಹೆಕ್ಟೇರನ್ನು ಎಕರೆಯೆಂದು ಓದಿದವನು ಎರಡೂವರೆ ಪಟ್ಟು ಸುರಿಯುತ್ತಾನೆ. ಹಣವೂ ಹೋಯಿತು, ಬೆಳೆಗೂ ಕೇಡು. ಹಾಗೆಯೇ ಲೀಟರ್ ಬೇರೆ, ಕಿಲೋ ಬೇರೆ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಅಡಿಗೆ ಎಣ್ಣೆ ಸುಮಾರು 910 ಗ್ರಾಂ ಮಾತ್ರ ತೂಗುತ್ತದೆ. ಎಣ್ಣೆಯನ್ನು ಲೀಟರಿನಲ್ಲಿ ಕೊಂಡು ಕಿಲೋ ಸಿಕ್ಕಿತೆಂದು ತಿಳಿದರೆ ನಷ್ಟ ನಿಮಗೇ.

ಆದ್ದರಿಂದ ನಮ್ಮ ಸಲಹೆ ಇಷ್ಟೆ. ಕರಾರು ಮಾಡಿಕೊಳ್ಳುವಾಗ ದರದ ಪಕ್ಕದಲ್ಲಿ ಅಳತೆಯ ಹೆಸರನ್ನೂ ಬರೆಸಿಕೊಳ್ಳಿ. ತಕ್ಕಡಿ, ಅಳತೆ ಪಾತ್ರೆಗಳ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ನೋಡಿರಿ. ಇಲ್ಲದಿದ್ದರೆ ಕೇಳಲು ಸಂಕೋಚ ಬೇಡ, 2009ರ ಕಾಯಿದೆ ನಿಮ್ಮ ಬೆನ್ನಿಗಿದೆ. ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದರೆ ಈ ಲೆಕ್ಕಗಳನ್ನು ಅವಳ ಕೈಯಿಂದಲೇ ಮಾಡಿಸಿರಿ.

ಅಳೆದು ಸುರಿದು ನೋಡುವುದು ನಮ್ಮ ಹಿರಿಯರ ಬುದ್ಧಿ. ಕೊಳಗ ಹೋಗಿ ಲೀಟರ್ ಬಂದರೂ ಆ ಬುದ್ಧಿ ನಮ್ಮಲ್ಲೇ ಉಳಿಯಲಿ.